ಲೆಕ್ಕಕ್ಕೆ ಸೇರದ ದಿನಗಳು

2016ರ ಆಗಸ್ಟ್ 25ರಂದು ಅಮೆರಿಕದ ಲಾಸ್ ಏಂಜಲೀಸ್ ನಗರದ ಡಾಜರ್ಸ್ ಎಂಬ ಬೇಸ್‌ಬಾಲ್ ತಂಡವು ತನ್ನ 35 ವರ್ಷದ ಆಟಗಾರ ಎ. ಜೆ. ಎಲ್ಲಿಸ್ ಅವರನ್ನು ಫಿಲಡೆಲ್ಫಿಯಾದ ಫಿಲೀಸ್ ತಂಡಕ್ಕೆ ಬಿಟ್ಟುಕೊಟ್ಟು, ಅಲ್ಲಿಂದ 37 ವರ್ಷದ ಕಾರ್ಲೋಸ್ ರೂಯಿಸ್ ಅವರನ್ನು ಪಡೆದುಕೊಂಡಿತು. ಇಬ್ಬರೂ ಕ್ಯಾಚರ್‌ಗಳು. ಇಬ್ಬರೂ ಆ ಹೊತ್ತಿಗೆ ತಮ್ಮ ತಮ್ಮ ತಂಡಗಳಲ್ಲಿ ಎರಡನೆಯ ಕ್ಯಾಚರ್ ಆಗಿದ್ದವರು. ಅಂದಿನವರೆಗೆ ಇಬ್ಬರೂ ದೊಡ್ಡ ಲೀಗಿನಲ್ಲಿ ಬೇರೊಂದು ತಂಡದ ಅಂಗಿ ತೊಟ್ಟವರಲ್ಲ. ಪ್ರತಿದಿನ ಆಡದ ಇಬ್ಬರು ಹಿರಿಯರ ಅದಲುಬದಲು ಪತ್ರಿಕೆಯ ಮೂಲೆಯ ಸುದ್ದಿಯಾಗಿ ಮುಗಿಯಬೇಕಿತ್ತು. ಆದರೆ ಆ ವಾರ ಅಮೆರಿಕದ ಕ್ರೀಡಾಪುಟಗಳಲ್ಲಿ ಅದು ದೊಡ್ಡ ಚರ್ಚೆಯಾಯಿತು. ಎಲ್ಲಿಸ್ ಮತ್ತು ಅವರ ಗೆಳೆಯ, ಆ ಕಾಲದ ಅತ್ಯುತ್ತಮ ಪಿಚರ್ ಎನಿಸಿದ್ದ ಕ್ಲೇಟನ್ ಕರ್ಷಾ, ಬೀಳ್ಕೊಡುವಾಗ ಇಬ್ಬರೂ ಅತ್ತರೆಂದು ವರದಿಗಳು ಹೇಳಿದವು.

ಒಂದು ತಂಡವು ತನ್ನ ಹಳೆಯ ಎರಡನೆಯ ಕ್ಯಾಚರನ್ನು ಏಕೆ ಕಳುಹಿಸಿಬಿಡುತ್ತದೆ? ಮೇಲುನೋಟಕ್ಕೆ ಇದು ಆಟದ ಪ್ರಶ್ನೆ. ಒಳಹೊಕ್ಕು ನೋಡಿದರೆ ಇದು ದುಡಿಮೆಯ ಪ್ರಶ್ನೆ, ಕರಾರಿನ ಪ್ರಶ್ನೆ. ಮನುಷ್ಯನೊಬ್ಬನ ಸೇವೆಯ ದಿನಗಳನ್ನು ಯಾರು, ಯಾವ ಅಳತೆಯಲ್ಲಿ ಎಣಿಸುತ್ತಾರೆ ಎಂಬ ಪ್ರಶ್ನೆ.

ಮೊದಲು ಆ ಸ್ಥಾನದ ಪರಿಚಯ ಅಗತ್ಯ. ಕ್ರಿಕೆಟ್ ಬಲ್ಲವರು ಕ್ಯಾಚರ್ ಎಂದರೆ ವಿಕೆಟ್ ಕೀಪರ್ ಇದ್ದಂತೆ ಎಂದು ತಿಳಿಯಬಹುದು. ಅದು ಅರ್ಧ ಮಾತ್ರ ಸರಿ. ಕ್ಯಾಚರ್ ಬ್ಯಾಟರಿನ ಬೆನ್ನಿಗೆ, ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡು, ಮೊಣಕಾಲಿಗೂ ಎದೆಗೂ ಕವಚ ತೊಟ್ಟು ಕುಕ್ಕುರುಗಾಲಿನಲ್ಲಿ ಕುಳಿತಿರುತ್ತಾನೆ. ಗಂಟೆಗೆ 150 ಕಿಲೋಮೀಟರು ವೇಗದ ಚೆಂಡುಗಳನ್ನು ಒಂದು ಪಂದ್ಯದಲ್ಲಿ ನೂರಕ್ಕೂ ಹೆಚ್ಚು ಸಲ ಹಿಡಿಯುತ್ತಾನೆ. ಕ್ರಿಕೆಟ್ಟಿನಲ್ಲಿ ಯಾವ ಚೆಂಡು ಎಸೆಯಬೇಕೆಂದು ಬೌಲರು ತಾನೇ ತೀರ್ಮಾನಿಸುತ್ತಾನೆ. ಬೇಸ್‌ಬಾಲಿನಲ್ಲಿ ಬಹುಮಟ್ಟಿಗೆ ಪ್ರತಿ ಚೆಂಡನ್ನೂ ಕ್ಯಾಚರ್ ಸೂಚಿಸುತ್ತಾನೆ. ಬಹುಕಾಲ ಈ ಸೂಚನೆ ತೊಡೆಗಳ ನಡುವೆ ಅಡಗಿಸಿದ ಬೆರಳುಗಳ ಸನ್ನೆಯಾಗಿತ್ತು. 2022ರಿಂದ ಅದಕ್ಕೊಂದು ವಿದ್ಯುನ್ಮಾನ ಸಾಧನವೂ ಬಂದಿದೆ. ಎದುರಾಳಿಯ ದೌರ್ಬಲ್ಯ ಯಾವುದು, ತನ್ನ ಪಿಚರಿನ ತೋಳು ದಣಿದಿದೆಯೇ, ಮನಸ್ಸು ಕದಡಿದೆಯೇ, ಈಗ ಎದ್ದು ಹೋಗಿ ಎರಡು ಮಾತು ಆಡಬೇಕೇ ಅಥವಾ ಸುಮ್ಮನಿರಬೇಕೇ, ಇವನ್ನೆಲ್ಲ ಅವನು ಕ್ಷಣಕ್ಷಣವೂ ಅಳೆಯುತ್ತಿರಬೇಕು.

ಒಂದು ತಂಡಕ್ಕೆ ವರ್ಷಕ್ಕೆ 162 ಪಂದ್ಯಗಳು. ಅಷ್ಟೂ ಪಂದ್ಯಗಳಲ್ಲಿ ಹಾಗೆ ಕುಳಿತು ಎದ್ದರೆ ಯಾವ ಮೊಣಕಾಲೂ ಉಳಿಯದು. ಆದುದರಿಂದ ಪ್ರತಿ ತಂಡವೂ ಇಬ್ಬರು ಕ್ಯಾಚರ್‌ಗಳನ್ನು ಇಟ್ಟುಕೊಳ್ಳುತ್ತದೆ. ಮೊದಲನೆಯವನು ವಾರದಲ್ಲಿ ನಾಲ್ಕೈದು ದಿನ ಆಡುತ್ತಾನೆ. ಎರಡನೆಯವನು ಉಳಿದ ಒಂದೆರಡು ದಿನ. ಆಡದ ದಿನಗಳಲ್ಲಿ ಎರಡನೆಯವನ ಕೆಲಸ ಮುಗಿಯುವುದಿಲ್ಲ. ಅವನು ಪಿಚರುಗಳ ಅಭ್ಯಾಸಕ್ಕೆ ಚೆಂಡು ಹಿಡಿಯುತ್ತಾನೆ, ಎದುರಾಳಿಗಳ ಚಿತ್ರಸುರುಳಿ ನೋಡಿ ಟಿಪ್ಪಣಿ ಮಾಡುತ್ತಾನೆ, ಎಳೆಯರಿಗೆ ದಾರಿ ತೋರಿಸುತ್ತಾನೆ. ಈ ಕೆಲಸಗಳಲ್ಲಿ ಒಂದೂ ಅಂಕಪಟ್ಟಿಯಲ್ಲಿ ಅಚ್ಚಾಗುವುದಿಲ್ಲ.

ಎಲ್ಲಿಸ್ ಅವರ ಕಥೆ ಇಂತಹ ಅಚ್ಚಾಗದ ಕೆಲಸದ ಕಥೆ. 2003ರಲ್ಲಿ ಡಾಜರ್ಸ್ ಅವರನ್ನು ಕಾಲೇಜಿನಿಂದ ಆಯ್ದುಕೊಂಡಿತು. ಆಯ್ಕೆಯ 18ನೆಯ ಸುತ್ತಿನಲ್ಲಿ, ಅಂದರೆ ನೂರಾರು ಹೆಸರುಗಳು ಮುಗಿದ ಮೇಲೆ. ಐದು ವರ್ಷ ಕೆಳಹಂತದ ಲೀಗುಗಳಲ್ಲಿ ದುಡಿದು, 2008ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ದೊಡ್ಡ ತಂಡದಲ್ಲಿ ಕಾಣಿಸಿಕೊಂಡರು. ಬಳಿಕವೂ ಕೆಲವು ವರ್ಷ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಓಡಾಟವೇ. 2012ರಲ್ಲಿ, 31ನೆಯ ವಯಸ್ಸಿನಲ್ಲಿ, ಅವರು ತಂಡದ ಮೊದಲನೆಯ ಕ್ಯಾಚರ್ ಆದರು. ಅದೇ 2008ರ ಮೇ ತಿಂಗಳಲ್ಲಿ ಅದೇ ತಂಡಕ್ಕೆ ಪದಾರ್ಪಣೆ ಮಾಡಿದ್ದ ಕರ್ಷಾ ಅಷ್ಟರಲ್ಲಿ ದೇಶಕ್ಕೆ ಗೊತ್ತಾಗಿದ್ದರು. ಇಬ್ಬರ ಜೋಡಿ ಕೂಡಿ ಬಂತು. 2014ರ ಜೂನ್ 18ರಂದು ಕೊಲರಾಡೊ ತಂಡದ ವಿರುದ್ಧ ಕರ್ಷಾ ಎದುರಾಳಿಗಳಿಗೆ ಒಂದೂ ಹಿಟ್ ಕೊಡದೆ, 15 ಜನರನ್ನು ಸ್ಟ್ರೈಕ್‌ಔಟ್ ಮಾಡಿ ಪಂದ್ಯ ಮುಗಿಸಿದಾಗ ಪ್ರತಿ ಚೆಂಡನ್ನೂ ಹಿಡಿದವರು ಎಲ್ಲಿಸ್. 2015ರ ಹೊತ್ತಿಗೆ ಯಾಸ್ಮಾನಿ ಗ್ರಾಂಡಾಲ್ ಎಂಬ ಕಿರಿಯರು ಬಂದು ಮೊದಲ ಸ್ಥಾನ ಪಡೆದರು. ಎಲ್ಲಿಸ್ ಎರಡನೆಯವರಾದರು. ಆದರೂ ಕರ್ಷಾ ಎಸೆಯುವ ದಿನ ಅವರ ಮುಂದೆ ಕುಳಿತುಕೊಳ್ಳುವವರು ಸಾಮಾನ್ಯವಾಗಿ ಎಲ್ಲಿಸ್ ಅವರೇ.

ಹಾಗಿದ್ದ ಮೇಲೆ ಅವರನ್ನು ಕಳುಹಿಸಿದ್ದೇಕೆ? ನ್ಯಾಯವಾಗಿ ವಿಚಾರಿಸಬೇಕಾದರೆ ಮೊದಲು ತಂಡದ ವಾದವನ್ನು ಪೂರ್ತಿ ಕೇಳಬೇಕು. ಆ ವಾದ ದುರ್ಬಲವೇನೂ ಅಲ್ಲ.

ಮೊದಲನೆಯದು ಸ್ಥಳದ ಅಭಾವ. 2016ರಲ್ಲಿ ದೊಡ್ಡ ತಂಡದ ಪಟ್ಟಿಯಲ್ಲಿ 25 ಹೆಸರುಗಳಿಗೆ ಮಾತ್ರ ಅವಕಾಶವಿತ್ತು (2020ರಿಂದ ಅದು 26). ಅದರಲ್ಲಿ ಹನ್ನೆರಡು ಹದಿಮೂರು ಜನ ಪಿಚರುಗಳು. ಉಳಿದ ಜಾಗದಲ್ಲಿ ಮೂವರು ಕ್ಯಾಚರ್‌ಗಳನ್ನು ಇಟ್ಟುಕೊಳ್ಳುವುದು ಯಾವ ತಂಡಕ್ಕೂ ದುಬಾರಿ. ಹೊಸಬನೊಬ್ಬ ಒಳಗೆ ಬರಬೇಕಾದರೆ ಹಳಬನೊಬ್ಬ ಹೊರಗೆ ಹೋಗಲೇಬೇಕು.

ಎರಡನೆಯದು ಬ್ಯಾಟಿಂಗ್. ಆ ದಿನದವರೆಗೆ ಎಲ್ಲಿಸ್ ಅವರ ಬ್ಯಾಟಿಂಗ್ ಸರಾಸರಿ .194, ಅಂದರೆ ಲೆಕ್ಕಕ್ಕೆ ಬರುವ ಐದು ಪ್ರಯತ್ನಗಳಲ್ಲಿ ಒಂದು ಹಿಟ್ ಕೂಡ ಇಲ್ಲ. ರೂಯಿಸ್ ಅವರದು .261. ಡಾಜರ್ಸ್ ಆ ವರ್ಷ ಎಡಗೈ ಪಿಚರುಗಳ ಮುಂದೆ ಮೇಲಿಂದ ಮೇಲೆ ಮುಗ್ಗರಿಸುತ್ತಿತ್ತು. ಮೊದಲನೆಯ ಕ್ಯಾಚರ್ ಗ್ರಾಂಡಾಲ್ ಎರಡೂ ಕಡೆಯಿಂದ ಬ್ಯಾಟ್ ಬೀಸಬಲ್ಲವರಾದರೂ ಬಲಗೈ ಪಿಚರುಗಳ ಎದುರೇ ಅವರಿಗೆ ಹೆಚ್ಚು ಬಲ. ಆದುದರಿಂದ ಎಡಗೈಯವರನ್ನು ಎದುರಿಸಬಲ್ಲ ಜೊತೆಗಾರ ತಂಡಕ್ಕೆ ಬೇಕಾಗಿತ್ತು. ಆ ಕೆಲಸಕ್ಕೆಂದೇ ಇದ್ದ ಎಲ್ಲಿಸ್ ಅದನ್ನು ಮಾಡಲಾರದವರಾಗಿದ್ದರು.

ಮೂರನೆಯದು ‘ಫ್ರೇಮಿಂಗ್’ ಎಂಬ ಕೌಶಲ. ಅಂಚಿನಲ್ಲಿ ಬಂದ ಚೆಂಡನ್ನು ಕೈಗವಸು ಅಲುಗದಂತೆ ಮೃದುವಾಗಿ ಹಿಡಿದರೆ ಅಂಪೈರ್ ಅದನ್ನು ಸರಿಯಾದ ಎಸೆತವೆಂದು ತೀರ್ಪು ಕೊಡುವ ಸಂಭವ ಹೆಚ್ಚು. ಹಿಂದೆ ಇದು ಹಳೆಯ ತರಬೇತಿದಾರರ ಕಣ್ಣಿಗೆ ಮಾತ್ರ ಕಾಣುತ್ತಿದ್ದ ಸಂಗತಿ. 2008ರ ಹೊತ್ತಿಗೆ ಎಲ್ಲ ಕ್ರೀಡಾಂಗಣಗಳಲ್ಲಿಯೂ ಕ್ಯಾಮರಾಗಳು ಪ್ರತಿ ಚೆಂಡಿನ ಜಾಡನ್ನು ದಾಖಲಿಸತೊಡಗಿದ ಮೇಲೆ ಇದು ಅಂಕಿಗಳಲ್ಲಿ ಮೂಡಿತು. ಗ್ರಾಂಡಾಲ್ ಅದರಲ್ಲಿ ಮೇಲ್ಪಂಕ್ತಿಯವರು. ಎಲ್ಲಿಸ್ ಹಿಂದೆ ಬಿದ್ದವರು. ಮನಸ್ಸನ್ನು ಓದುವ ಕಲೆಗೆ ಯಂತ್ರದಲ್ಲಿ ಅಳತೆಗೋಲು ಇರಲಿಲ್ಲ. ಕೈಗವಸನ್ನು ಅಲುಗದಂತೆ ಹಿಡಿಯುವ ಕಲೆಗೆ ಇತ್ತು.

ನಾಲ್ಕನೆಯದು ಕಾಲದ ಒತ್ತಡ. ಆಗಸ್ಟ್ 31ರ ಒಳಗೆ ಬಂದು ಸೇರಿದ ಆಟಗಾರ ಮಾತ್ರ ಅಕ್ಟೋಬರಿನ ಪ್ರಶಸ್ತಿ ಸುತ್ತುಗಳಲ್ಲಿ ಆಡಬಹುದು. ಕೊನೆಯ ದಿನಕ್ಕೆ ಆರು ದಿನ ಉಳಿದಿತ್ತು. ಕರ್ಷಾ ಬೆನ್ನುನೋವಿನಿಂದ ಜೂನ್ ಕೊನೆಯಿಂದಲೇ ಆಟದಿಂದ ದೂರವಿದ್ದರು. ಅವರು ಮರಳುವ ದಿನ ಖಚಿತವಿರಲಿಲ್ಲ. ಎಲ್ಲಿಸ್ ಅವರ ಕರಾರು ಆ ವರ್ಷದ ಕೊನೆಗೆ ಮುಗಿಯುವುದಿತ್ತು. ಅಷ್ಟರಲ್ಲಿ 26 ವರ್ಷದ ಆಸ್ಟಿನ್ ಬಾರ್ನ್ಸ್ ಎಂಬ ಇನ್ನೊಬ್ಬ ಕ್ಯಾಚರ್ ಕೆಳಹಂತದಲ್ಲಿ ಸಿದ್ಧರಾಗಿ ಕಾಯುತ್ತಿದ್ದರು. ಹೀಗೆ ತಂಡದ ಆಡಳಿತವು ಮುಂದಿನ ಎರಡು ತಿಂಗಳನ್ನು ಮಾತ್ರ ತಕ್ಕಡಿಗೆ ಇಟ್ಟಿತು. ಹಿಂದಿನ ಹದಿಮೂರು ವರ್ಷ ಆ ತಕ್ಕಡಿಯ ಯಾವ ತಟ್ಟೆಗೂ ಏರಲಿಲ್ಲ.

ತೀರ್ಮಾನ ಫಲಿಸಿತೇ? ಪ್ರಾಮಾಣಿಕವಾಗಿ ಹೇಳುವುದಾದರೆ, ಬಹುಮಟ್ಟಿಗೆ ಫಲಿಸಿತು. ಕರ್ಷಾ ಸೆಪ್ಟೆಂಬರ್ 9ರಂದು ಮರಳಿದರು. ಗೆಳೆಯನಿಲ್ಲವೆಂದು ಅವರ ಎಸೆತ ಕೆಡಲಿಲ್ಲ. ಆ ವರ್ಷ ಒಂಬತ್ತು ಇನಿಂಗ್ಸಿಗೆ ಅವರು ಕೊಟ್ಟ ಓಟಗಳ ಸರಾಸರಿ 1.69, ಅವರ ಬಾಳಿನ ಶ್ರೇಷ್ಠ ಅಂಕಿಗಳಲ್ಲೊಂದು. ಅಕ್ಟೋಬರಿನಲ್ಲಿ ವಾಷಿಂಗ್ಟನ್ ತಂಡದ ವಿರುದ್ಧ ರೂಯಿಸ್ ಬದಲಿ ಬ್ಯಾಟರಾಗಿ ಬಂದು ಮೂರನೆಯ ಪಂದ್ಯದಲ್ಲಿ ಹೋಮ್‌ರನ್ ಬಾರಿಸಿದರು. ನಿರ್ಣಾಯಕ ಐದನೆಯ ಪಂದ್ಯದಲ್ಲಿ ತಂಡಕ್ಕೆ ಮುನ್ನಡೆ ತಂದ ಹಿಟ್ ಕೂಡ ಅವರದೇ. ಡಾಜರ್ಸ್ ಆ ಸರಣಿ ಗೆದ್ದಿತು. ಮುಂದಿನ ಸುತ್ತಿನಲ್ಲಿ ಷಿಕಾಗೊ ಕಬ್ಸ್ ತಂಡಕ್ಕೆ ಸೋತಿತು. ನವೆಂಬರ್ ಮೊದಲ ವಾರ ಮುಗಿಯುವಷ್ಟರಲ್ಲಿ ರೂಯಿಸ್ ಅವರನ್ನೂ ಸಿಯಾಟಲ್ ತಂಡಕ್ಕೆ ಕೊಟ್ಟಾಗಿತ್ತು. ಬಂದವರ ಋಣ ಮೂರು ತಿಂಗಳೊಳಗೆ ತೀರಿತು.

ಆದುದರಿಂದ ‘ಎಲ್ಲಿಸ್ ಅವರನ್ನು ಕಳುಹಿಸಿದ್ದು ಆಟದ ದೃಷ್ಟಿಯಿಂದ ತಪ್ಪು’ ಎಂದು ವಾದಿಸಿ ಗೆಲ್ಲುವುದು ಕಷ್ಟ. ವಿಚಾರ ಮಾಡಬೇಕಾದದ್ದು ಬೇರೆ ಅಂಶ. ಹದಿಮೂರು ವರ್ಷ ಒಂದೇ ಸಂಸ್ಥೆಯಲ್ಲಿ ದುಡಿದವರಿಗೆ ‘ನಾನು ಹೋಗಲಾರೆ’ ಎನ್ನುವ ಹಕ್ಕು ಇರಲಿಲ್ಲವೇ?

ಬೇಸ್‌ಬಾಲಿನಲ್ಲಿ ಅಂತಹ ಹಕ್ಕೊಂದು ಇದೆ. ಅದು ಬಂದ ಬಗೆ ಕಾನೂನಿನ ಚರಿತ್ರೆಯಲ್ಲಿ ನೆನಪಿಡತಕ್ಕದ್ದು. 1969ರ ಅಕ್ಟೋಬರಿನಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡವು ತನ್ನಲ್ಲಿ ಹನ್ನೆರಡು ವರ್ಷ ಆಡಿದ್ದ ಕರ್ಟ್ ಫ್ಲಡ್ ಅವರನ್ನು ಇನ್ನೂ ಕೆಲವರೊಂದಿಗೆ ಇದೇ ಫಿಲಡೆಲ್ಫಿಯಾ ತಂಡಕ್ಕೆ ಕೊಟ್ಟಿತು. ಆ ಕೆಲವರಲ್ಲಿ ಟಿಮ್ ಮೆಕಾರ್ವರ್ ಎಂಬ ಹೆಸರಾಂತ ಕ್ಯಾಚರ್ ಕೂಡ ಇದ್ದರು. ಮೆಕಾರ್ವರ್ ಹೋದರು, ಫ್ಲಡ್ ಹೋಗಲಿಲ್ಲ. ತಮ್ಮ ಇಚ್ಛೆಯನ್ನೇ ಕೇಳದೆ ಕೊಳ್ಳಲು ಮಾರಲು ತಾವು ಆಸ್ತಿಯಲ್ಲ ಎಂಬ ಅರ್ಥದ ಪತ್ರವನ್ನು ಅವರು ಲೀಗಿನ ಕಮಿಷನರರಿಗೆ ಬರೆದರು. ಆಗಿನ ಕರಾರುಗಳಲ್ಲಿ ‘ರಿಸರ್ವ್ ಕ್ಲಾಸ್’ ಎಂಬ ಷರತ್ತು ಇತ್ತು. ಅದರಂತೆ ಕರಾರಿನ ಅವಧಿ ಮುಗಿದರೂ ಆಟಗಾರ ಹಳೆಯ ತಂಡಕ್ಕೇ ಕಟ್ಟುಬಿದ್ದವನು. ತಂಡ ಬಿಟ್ಟರೆ ಮಾತ್ರ ಬಿಡುಗಡೆ, ಕೊಟ್ಟಲ್ಲಿಗೆ ಹೋಗುವುದು ಮಾತ್ರ ಅವನ ಕರ್ತವ್ಯ.

ಫ್ಲಡ್ ನ್ಯಾಯಾಲಯಕ್ಕೆ ಹೋದರು. ಅಮೆರಿಕದ ಸುಪ್ರೀಂ ಕೋರ್ಟಿನ ಮಾಜಿ ನ್ಯಾಯಮೂರ್ತಿ ಆರ್ಥರ್ ಗೋಲ್ಡ್‌ಬರ್ಗ್ ಅವರ ಪರವಾಗಿ ಅದೇ ಕೋರ್ಟಿನಲ್ಲಿ ವಾದಿಸಿದರು. 1972ರ ಜೂನ್ 19ರಂದು 5–3ರ ಬಹುಮತದಿಂದ ಫ್ಲಡ್ ಸೋತರು. ವ್ಯಾಪಾರದ ಏಕಸ್ವಾಮ್ಯವನ್ನು ತಡೆಯುವ ಕಾನೂನಿನಿಂದ ಬೇಸ್‌ಬಾಲಿಗೆ 1922ರಲ್ಲಿ ದೊರೆತಿದ್ದ ವಿನಾಯಿತಿ ಅಸಂಗತವೆಂದು ಬಹುಮತದ ತೀರ್ಪೇ ಒಪ್ಪಿಕೊಂಡಿತು. ಆದರೂ ಅದನ್ನು ಸರಿಪಡಿಸಬೇಕಾದುದು ಸಂಸತ್ತು ಎಂದು ಕೈಚೆಲ್ಲಿತು. ತಪ್ಪೆಂದು ತಿಳಿದೂ ಹಳೆಯದೆಂಬ ಕಾರಣಕ್ಕೆ ಉಳಿಸಿಕೊಳ್ಳುವ ತೀರ್ಪುಗಳಿಗೆ ಇದು ಇಂದಿಗೂ ಉದಾಹರಣೆ. ಫ್ಲಡ್ 1970ರ ಇಡೀ ವರ್ಷವನ್ನು ಕಳೆದುಕೊಂಡರು. 1971ರಲ್ಲಿ ವಾಷಿಂಗ್ಟನ್ ತಂಡಕ್ಕೆ 13 ಪಂದ್ಯ ಆಡಿ ಆಟವನ್ನೇ ಬಿಟ್ಟರು.

ಕೋರ್ಟಿನಲ್ಲಿ ಸೋತ ವಾದ ಮಾತುಕತೆಯ ಮೇಜಿನಲ್ಲಿ ಗೆದ್ದಿತು. 1973ರಲ್ಲಿ ಆಟಗಾರರ ಸಂಘ ಮತ್ತು ತಂಡದ ಮಾಲೀಕರ ನಡುವೆ ಆದ ಒಪ್ಪಂದದಲ್ಲಿ ‘ಹತ್ತು–ಐದು’ ಎಂಬ ನಿಯಮ ಸೇರಿತು. ದೊಡ್ಡ ಲೀಗಿನಲ್ಲಿ ಒಟ್ಟು ಹತ್ತು ವರ್ಷ ಸೇವೆ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿ ಎಂಬ ಎರಡು ಷರತ್ತು ಪೂರೈಸಿದ ಆಟಗಾರನನ್ನು ಅವನ ಒಪ್ಪಿಗೆಯಿಲ್ಲದೆ ಬೇರೆ ತಂಡಕ್ಕೆ ಕೊಡುವಂತಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಷಿಕಾಗೊದ ರಾನ್ ಸ್ಯಾಂಟೊ ಈ ಹಕ್ಕನ್ನು ಮೊದಲ ಬಾರಿಗೆ ಚಲಾಯಿಸಿ, ತಮ್ಮನ್ನು ಕ್ಯಾಲಿಫೋರ್ನಿಯಾಕ್ಕೆ ಕಳುಹಿಸುವ ವ್ಯವಹಾರವನ್ನು ತಡೆದರು. 1975ರ ಡಿಸೆಂಬರಿನಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಜ್ ಅವರ ತೀರ್ಪಿನಿಂದ ರಿಸರ್ವ್ ಕ್ಲಾಸಿನ ಬಿಗಿಯೂ ಸಡಿಲಿತು. ಹತ್ತು–ಐದರ ನಿಯಮಕ್ಕೆ ಫ್ಲಡ್ ಅವರ ಹೆಸರನ್ನೇ ಜನ ಇಟ್ಟರು. ಅದರ ಫಲ ಉಣ್ಣಲು ಅವರು ಆಟದಲ್ಲಿ ಉಳಿದಿರಲಿಲ್ಲ.

ನಿಯಮ ಒಳ್ಳೆಯದು. ಆದರೆ ಯಾವ ನಿಯಮದಲ್ಲಿಯೂ ಹಕ್ಕಿನ ಜೀವ ಇರುವುದು ಅದರ ವ್ಯಾಖ್ಯೆಯಲ್ಲಿ. ‘ಒಂದು ವರ್ಷ ಸೇವೆ’ ಎಂದರೇನು? ದೊಡ್ಡ ತಂಡದ ಪಟ್ಟಿಯಲ್ಲಿ 172 ದಿನ ಹೆಸರು ಇದ್ದರೆ ಒಂದು ವರ್ಷ. ಕೆಳಹಂತದ ಲೀಗಿನಲ್ಲಿ ಕಳೆದ ದಿನ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದೇ ಸಂಸ್ಥೆ ಸಂಬಳ ಕೊಡಲಿ, ಅದೇ ಸಂಸ್ಥೆಯ ಎಳೆಯ ಪಿಚರುಗಳನ್ನು ಅವನು ತಿದ್ದಿರಲಿ, ಆ ದಿನ ಶೂನ್ಯ. ತಂಡಕ್ಕೆ ಒಬ್ಬ ಆಟಗಾರನನ್ನು ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಯಲ್ಲಿ ಬೇಕೆಂದಾಗ ಕೆಳಕ್ಕೆ ಇಳಿಸಿ ಮೇಲಕ್ಕೆ ತರುವ ಅಧಿಕಾರವಿದೆ. ಹೀಗೆ ಏರಿಳಿಯುವವರು ತಾರೆಯರಲ್ಲ, ಎರಡನೆಯ ಸಾಲಿನವರು.

ಈ ಅಳತೆಯಲ್ಲಿ ಎಲ್ಲಿಸ್ ಅವರನ್ನು ನಿಲ್ಲಿಸಿ ನೋಡಬೇಕು. ಸಂಸ್ಥೆಗೆ ಸೇರಿ ಹದಿಮೂರು ವರ್ಷ. ದೊಡ್ಡ ತಂಡದಲ್ಲಿ ಮೊದಲ ದಿನದಿಂದ ಕೊನೆಯ ದಿನದವರೆಗೆ ಪಂಚಾಂಗದ ಲೆಕ್ಕದಲ್ಲಿಯೂ ಎಂಟು ವರ್ಷ ತುಂಬಿರಲಿಲ್ಲ. ನಡುವೆ ಇಳಿದ ದಿನಗಳನ್ನು ಕಳೆದರೆ ಇನ್ನೂ ಕಡಿಮೆ. ಹತ್ತರ ಹೊಸ್ತಿಲಿಗೆ ಅವರು ಹತ್ತಿರವೂ ಬಂದಿರಲಿಲ್ಲ. ಅದೇ 2008ರಲ್ಲಿ ಪದಾರ್ಪಣೆ ಮಾಡಿದ ಕರ್ಷಾ ಅವರ ಸೇವೆ ಒಂದೇ ತಂಡದಲ್ಲಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಹೋಯಿತು. ಅವರು ಆ ಹೊಸ್ತಿಲನ್ನು ಸಹಜವಾಗಿ ದಾಟಿದರು. ಒಬ್ಬರು ಎಸೆದ ಚೆಂಡನ್ನೇ ಇನ್ನೊಬ್ಬರು ಹಿಡಿದದ್ದು. ಒಂದು ಕೈಯ ವರ್ಷಗಳು ಹಕ್ಕಾಗಿ ಬೆಳೆದವು, ಇನ್ನೊಂದು ಕೈಯ ವರ್ಷಗಳು ಬೆಳೆಯಲಿಲ್ಲ.

ಹತ್ತನ್ನು ದಾಟಿದವರಿಗೂ ಐದರ ಹೊಸ್ತಿಲು ಇದೆ. ಡೇವಿಡ್ ರಾಸ್ ಅವರ ಬಾಳು ಅದಕ್ಕೆ ಸಾಕ್ಷಿ. ಎರಡನೆಯ ಕ್ಯಾಚರ್ ಆಗಿಯೇ ಹೆಚ್ಚಿನ ಕಾಲ ಕಳೆದ ಅವರು 2002ರಿಂದ 2016ರವರೆಗೆ 15 ಋತುಗಳಲ್ಲಿ ಏಳು ತಂಡಗಳಿಗೆ ಆಡಿದರು. ಒಂದೇ ಕಡೆ ಅವರು ಎಡೆಬಿಡದೆ ಅತಿ ಹೆಚ್ಚು ಕಾಲ ನಿಂತದ್ದು ಅಟ್ಲಾಂಟಾದಲ್ಲಿ, ನಾಲ್ಕು ಋತು. ಐದು ಆಗಲೇ ಇಲ್ಲ. ಪದೇ ಪದೇ ಸ್ಥಳಾಂತರಗೊಳ್ಳುವವನಿಗೇ ಸ್ಥಳಾಂತರದಿಂದ ರಕ್ಷಣೆ ಹೆಚ್ಚು ಬೇಕು. ಆದರೆ ಪದೇ ಪದೇ ಸ್ಥಳಾಂತರಗೊಂಡವನಿಗೆ ಆ ರಕ್ಷಣೆ ದೊರಕದಂತೆ ನಿಯಮದ ಮಾತುಗಳು ಕೂಡಿಕೊಂಡಿವೆ. ಯಾರೂ ದುರುದ್ದೇಶದಿಂದ ಹಾಗೆ ಬರೆದಿರಲಾರರು. ಒಪ್ಪಂದದ ಮೇಜಿನಲ್ಲಿ ಕುಳಿತವರ ಮನಸ್ಸಿನಲ್ಲಿ ಇದ್ದ ಚಿತ್ರ ಫ್ಲಡ್, ಸ್ಯಾಂಟೊ ಅವರಂತಹ ತಾರೆಯರದು. ಬೆಂಚಿನ ಕೊನೆಯಲ್ಲಿ ಕುಳಿತವನ ಚಿತ್ರ ಅಲ್ಲಿರಲಿಲ್ಲ.

ಎಲ್ಲಿಸ್ ಅವರ ಪ್ರಸಂಗ ಒಂಟಿ ಘಟನೆಯಾಗಿದ್ದರೆ ಅದನ್ನು ಮರೆಯಬಹುದಿತ್ತು. ಒಂಬತ್ತು ವರ್ಷಗಳ ಬಳಿಕ ಅದೇ ತಂಡದಲ್ಲಿ ಅದೇ ಕಥೆ ಇನ್ನೊಮ್ಮೆ ನಡೆಯಿತು. ಎಲ್ಲಿಸ್ ಹೋದ ಮೇಲೆ ಆ ಜಾಗಕ್ಕೆ ಬಂದು ನೆಲೆಯಾದವರು ಆಸ್ಟಿನ್ ಬಾರ್ನ್ಸ್. 2020ರಲ್ಲಿ ಡಾಜರ್ಸ್ 32 ವರ್ಷಗಳ ಬಳಿಕ ವಿಶ್ವ ಸರಣಿ ಗೆದ್ದಾಗ ಕೊನೆಯ ಚೆಂಡನ್ನು ಹಿಡಿದವರು ಅವರೇ. ಆ ಚೆಂಡನ್ನು ಹಿಂಬದಿಯ ಜೇಬಿಗೆ ಹಾಕಿಕೊಂಡು ಸಂಭ್ರಮಕ್ಕೆ ಓಡಿದ ಅವರ ಚಿತ್ರ ಪ್ರಸಿದ್ಧ. ಕರ್ಷಾ ಅವರ ಮೆಚ್ಚಿನ ಕ್ಯಾಚರ್ ಎಂಬ ಹೆಸರೂ ಅವರಿಗೆ ಬಂದಿತ್ತು. 2025ರ ಮೇ 14ರಂದು ತಂಡವು 24 ವರ್ಷದ ಡಾಲ್ಟನ್ ರಶಿಂಗ್ ಅವರನ್ನು ಕೆಳಹಂತದಿಂದ ಕರೆಸಿಕೊಂಡು ಬಾರ್ನ್ಸ್ ಅವರ ಹೆಸರನ್ನು ಪಟ್ಟಿಯಿಂದ ತೆಗೆಯಿತು. ಬಾರ್ನ್ಸ್ ಅವರಿಗೆ ಆಗ 35 ವರ್ಷ, ಎಲ್ಲಿಸ್ ಅವರಿಗೆ ಇದ್ದಷ್ಟೇ. ಶಸ್ತ್ರಚಿಕಿತ್ಸೆಯ ಬಳಿಕ ಕರ್ಷಾ ಆ ವರ್ಷದ ಮೊದಲ ಪಂದ್ಯಕ್ಕೆ ಮರಳಿದ್ದು ಮೂರು ದಿನ ಕಳೆದು, ಮೇ 17ರಂದು.

ಈ ಸಲವೂ ತಂಡದ ವಾದ ಗಟ್ಟಿಯೇ. ಮೊದಲನೆಯ ಕ್ಯಾಚರ್ ವಿಲ್ ಸ್ಮಿತ್ ಅವರೊಂದಿಗೆ 2024ರಲ್ಲಿ ಹತ್ತು ವರ್ಷದ ಕರಾರು ಆಗಿತ್ತು. ಕೆಳಗೆ ಕಲಿಯುವುದು ಮುಗಿದ ಯುವಕನನ್ನು ಅಲ್ಲಿಯೇ ಕೊಳೆಯಿಸುವುದು ಅವನಿಗೂ ಅನ್ಯಾಯ. ಈಗ ಹಿರಿಯನಿಗಾಗಿ ಮರುಗುವವರು ಎಲ್ಲಿಸ್ ಅವರ ಕಾಲದಲ್ಲಿ ಕಾಯುತ್ತಿದ್ದ ಕಿರಿಯ ಇದೇ ಬಾರ್ನ್ಸ್ ಎಂಬುದನ್ನು ಮರೆಯಬಾರದು. ಬಾರ್ನ್ಸ್ ದೊಡ್ಡ ತಂಡಕ್ಕೆ ಬಂದದ್ದು 2015ರ ಮೇ ತಿಂಗಳ ಕೊನೆಯ ಭಾಗದಲ್ಲಿ. ಪಂಚಾಂಗದಂತೆ ಎಣಿಸಿದರೂ ಹತ್ತು ವರ್ಷಕ್ಕೆ ಕೆಲವು ದಿನ ಕಡಿಮೆ, ಲೀಗಿನ ಲೆಕ್ಕದಲ್ಲಿ ಇನ್ನೂ ಹಿಂದೆ.

ಅವರಿಗೆ ಕಾನೂನು ಏನನ್ನೂ ಕೊಡಲಿಲ್ಲವೆಂದಲ್ಲ. ಹೀಗೆ ಪಟ್ಟಿಯಿಂದ ತೆಗೆದ ಬಳಿಕ ತಂಡವು ಏಳು ದಿನಗಳೊಳಗೆ ಆಟಗಾರನನ್ನು ಬೇರೆಡೆಗೆ ಕೊಡಬೇಕು, ಕೆಳಹಂತಕ್ಕೆ ಕಳುಹಿಸಬೇಕು ಅಥವಾ ಬಿಡುಗಡೆ ಮಾಡಬೇಕು; ತೂಗುಯ್ಯಾಲೆಯಲ್ಲಿ ಇಡುವಂತಿಲ್ಲ. ಐದು ವರ್ಷಕ್ಕೂ ಮೀರಿದ ಸೇವೆಯಿದ್ದವನು ಕೆಳಹಂತಕ್ಕೆ ಹೋಗಲು ಒಪ್ಪದೆ ಬಿಡುಗಡೆ ಪಡೆಯಬಹುದು. ಆ ವರ್ಷದ ಸಂಬಳ ಅವನ ಕೈತಪ್ಪದು. ಹೊಟ್ಟೆಯ ರಕ್ಷಣೆ ಇದೆ. ಇರವಿನ ರಕ್ಷಣೆ, ಬೀಳ್ಕೊಡುಗೆಯ ಗೌರವ, ಇವು ಕರಾರಿನ ಆಚೆಗೆ ಉಳಿದಿವೆ.

ಗೌರವದಿಂದ ಬೀಳ್ಕೊಡಲು ಸಾಧ್ಯವೇ ಇಲ್ಲವೇ? 2016ರ ಋತುವೇ ಅದಕ್ಕೂ ಉತ್ತರ ಕೊಟ್ಟಿತು. ಡಾಜರ್ಸ್ ತಂಡವನ್ನು ಸೋಲಿಸಿದ ಷಿಕಾಗೊದಲ್ಲಿ ಎರಡನೆಯ ಕ್ಯಾಚರ್ ಆಗಿದ್ದವರು ಅದೇ ಡೇವಿಡ್ ರಾಸ್, ವಯಸ್ಸು 39. ಅದು ತಮ್ಮ ಕೊನೆಯ ವರ್ಷವೆಂದು ಅವರು ಮೊದಲೇ ಸಾರಿದ್ದರು. ಜಾನ್ ಲೆಸ್ಟರ್ ಎಂಬ ಪಿಚರಿನ ಚೆಂಡು ಹಿಡಿಯುವುದು ಅವರ ಮುಖ್ಯ ಕೆಲಸ. ತಂಡ ಅವರನ್ನು ಕೊನೆಯವರೆಗೂ ಇಟ್ಟುಕೊಂಡಿತು. ನವೆಂಬರ್ 2ರ ರಾತ್ರಿ ವಿಶ್ವ ಸರಣಿಯ ಏಳನೆಯ ಪಂದ್ಯದ ನಡುವೆ ಲೆಸ್ಟರ್ ಜೊತೆ ರಾಸ್ ಕೂಡ ಮೈದಾನಕ್ಕಿಳಿದರು. ಇಳಿದೊಡನೆ ಒಂದು ತಪ್ಪು ಎಸೆತ. ಮೇಲೆ ಒಂದು ಚೆಂಡು ಅವರ ಮುಖಜಾಲರಿಗೆ ಬಡಿದು ಪುಟಿದು, ಎದುರಾಳಿಗಳಿಗೆ ಎರಡು ಓಟ. ವಯಸ್ಸಾದವನನ್ನು ಇಳಿಸಿದ್ದು ತಪ್ಪೆಂದು ಜನ ಹಲುಬುವ ಹೊತ್ತು ಅದು. ಮುಂದಿನ ಇನಿಂಗ್ಸಿನಲ್ಲಿ ರಾಸ್ ಹೋಮ್‌ರನ್ ಬಾರಿಸಿದರು. ಷಿಕಾಗೊ 8–7ರಿಂದ ಗೆದ್ದು 108 ವರ್ಷಗಳ ಬರವನ್ನು ನೀಗಿಸಿಕೊಂಡಿತು. ಮುಂದೆ 2019ರಲ್ಲಿ ಅದೇ ತಂಡ ಅವರನ್ನು ಮ್ಯಾನೇಜರ್ ಆಗಿ ನೇಮಿಸಿತು. 2023ರ ನವೆಂಬರಿನಲ್ಲಿ, ಇನ್ನೂ ಪ್ರಸಿದ್ಧರೊಬ್ಬರು ಸಿಕ್ಕಾಗ, ಆ ಹುದ್ದೆಯಿಂದ ಅವರನ್ನು ತೆಗೆದದ್ದೂ ಅದೇ ತಂಡ. ಒಂದು ಸಲದ ಔದಾರ್ಯ ಮುಂದಿನ ಸಲಕ್ಕೆ ಜಾಮೀನು ಆಗುವುದಿಲ್ಲ. ಔದಾರ್ಯಕ್ಕೂ ಹಕ್ಕಿಗೂ ಇರುವ ಅಂತರ ಅದು.

ಎಲ್ಲಿಸ್ ಅವರ ಕಥೆಯೂ ಕಣ್ಣೀರಿನಲ್ಲಿ ಮುಗಿಯಲಿಲ್ಲ. ಫಿಲಡೆಲ್ಫಿಯಾ, ಮಯಾಮಿ, ಸ್ಯಾನ್ ಡಿಯಾಗೊ ತಂಡಗಳಲ್ಲಿ ಅವರು 2018ರವರೆಗೆ ಆಡಿದರು. ಬಳಿಕ ಸ್ಯಾನ್ ಡಿಯಾಗೊ ಅವರನ್ನು ತನ್ನ ಆಡಳಿತದಲ್ಲಿಯೇ ಸೇರಿಸಿಕೊಂಡಿತು. ಅಂಕಪಟ್ಟಿಯಲ್ಲಿ ಅಚ್ಚಾಗದ ಯಾವ ತಿಳಿವಳಿಕೆಯನ್ನು ಒಂದು ತಂಡ ತಕ್ಕಡಿಗೆ ಏರಿಸಲಿಲ್ಲವೋ ಅದನ್ನೇ ಇನ್ನೊಂದು ತಂಡ ಕರೆದು ಸಂಬಳ ಕೊಟ್ಟು ಕೊಂಡಿತು.

ಅಳತೆಗೋಲುಗಳೂ ಶಾಶ್ವತವಲ್ಲ. 2026ರ ಋತುವಿಗಾಗಿ ದೊಡ್ಡ ಲೀಗು ಒಪ್ಪಿಕೊಂಡ ಹೊಸ ಪದ್ಧತಿಯಂತೆ ಅಂಪೈರ್ ತೀರ್ಪನ್ನು ಯಂತ್ರದ ಮುಂದೆ ಪ್ರಶ್ನಿಸಬಹುದು. ಪ್ರತಿ ತಂಡಕ್ಕೆ ಪಂದ್ಯವೊಂದರಲ್ಲಿ ಎರಡು ಅವಕಾಶ, ಪ್ರಶ್ನೆ ಸರಿಯಾದರೆ ಅದು ಉಳಿಯುತ್ತದೆ. ಪ್ರಶ್ನಿಸುವ ಅಧಿಕಾರ ಬ್ಯಾಟರ್, ಪಿಚರ್, ಕ್ಯಾಚರ್ ಮೂವರಿಗೆ ಮಾತ್ರ. ಅಂಪೈರ್ ಕಣ್ಣಿಗೆ ಒಪ್ಪುವಂತೆ ಚೆಂಡು ಹಿಡಿಯುವ ಕೌಶಲದ ಬೆಲೆ ಇದರಿಂದ ತುಸು ಇಳಿಯಬಹುದು. ಯಾವಾಗ ಪ್ರಶ್ನಿಸಬೇಕು, ಯಾವಾಗ ಸುಮ್ಮನಿರಬೇಕು ಎಂಬ ಹಿರಿಯರ ವಿವೇಕದ ಬೆಲೆ ಏರಬಹುದು. ನಿನ್ನೆ ಯಾವ ಅಂಕಿಯನ್ನು ತೋರಿಸಿ ಒಬ್ಬನನ್ನು ಕಳುಹಿಸಿದರೋ ಆ ಅಂಕಿಯೇ ನಾಳೆ ಹಗುರವಾಗಬಹುದು.

ಬದಲಾವಣೆಗೆ ದಾರಿ ಇಲ್ಲದಿಲ್ಲ. 2022ರಲ್ಲಿ ಕೆಳಹಂತದ ಆಟಗಾರರೂ ಅದೇ ಸಂಘದ ಸದಸ್ಯರಾದರು. 2023ರಲ್ಲಿ ಅವರಿಗೂ ಮೊದಲ ಸಾಮೂಹಿಕ ಒಪ್ಪಂದ ಆಯಿತು. ದೊಡ್ಡ ಲೀಗಿನ ಈಗಿನ ಒಪ್ಪಂದದ ಅವಧಿ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಮಾಲೀಕರು ಮತ್ತು ಸಂಘ ಕೋಟ್ಯಂತರ ಡಾಲರುಗಳ ಹಂಚಿಕೆಯನ್ನು ಕುರಿತು ಸೆಣಸುವ ಹೊತ್ತಿನಲ್ಲಿ, ಒಂದೇ ಸಂಸ್ಥೆಗೆ ಮೇಲೂ ಕೆಳಗೂ ದುಡಿದ ಒಟ್ಟು ವರ್ಷಗಳಿಗೆ ಅಲ್ಪವಾದರೂ ತೂಕ ಕೊಡುವ ಒಂದು ಸಾಲು ಸೇರಿದರೆ ಮುಂದಿನ ಎಲ್ಲಿಸ್ ಅವರಿಗೆ ಕನಿಷ್ಠ ‘ನನ್ನನ್ನು ಕೇಳಿ ಕಳುಹಿಸಿ’ ಎನ್ನುವ ಬಾಯಿ ಬರುತ್ತದೆ. ಅದರಿಂದ ಯಾವ ತಂಡವೂ ಪಂದ್ಯ ಸೋಲುವುದಿಲ್ಲ.

ಸಂಸ್ಥೆಯೊಂದು ತನ್ನ ಹಳಬನನ್ನು ಕಳುಹಿಸುವುದು ಸದಾ ಅನ್ಯಾಯವಲ್ಲ. ಕಿರಿಯರಿಗೆ ಜಾಗ ಬೇಕು, ಗೆಲ್ಲಬೇಕಾದವರು ಗೆಲ್ಲಲು ನೋಡಬೇಕು. ಆದರೆ ಅಂತಹ ಸುದ್ದಿ ಓದಿದಾಗ ಮನೆಯ ಮಕ್ಕಳು ‘ಅವರೇನು ತಪ್ಪು ಮಾಡಿದರು?’ ಎಂದು ಕೇಳಿದರೆ, ತಪ್ಪೇನೂ ಇರಬೇಕಾಗಿಲ್ಲ ಎಂದು ಹಿರಿಯರು ಹೇಳಬಹುದು. ಅವರ ದಿನಗಳನ್ನು ಎಣಿಸಿದವರು ಯಾರು, ಎಣಿಸುವಾಗ ಯಾವ ದಿನಗಳನ್ನು ಬಿಟ್ಟರು ಎಂದು ವಿಚಾರಿಸಲು ಕಲಿಸಬಹುದು. ಕರ್ಟ್ ಫ್ಲಡ್ ಕೇಳಿದ್ದು ಹೆಚ್ಚುಕಡಿಮೆ ಅದನ್ನೇ. ಅವರು ಮೊಕದ್ದಮೆ ಸೋತರು. ಪ್ರಶ್ನೆ ಮಾತ್ರ ಉಳಿಯಿತು.